ತಪ್ಪು ನನ್ನದೇ ಎಂದವನು

ಲೊವೆಲ್‌ಟನ್, ಅಲಬಾಮಾ
ಜನವರಿ 22, 1984

ಮಗೂ ಕರ್ಟ್,

ನಿನ್ನ ಭುಜ ಹೇಗಿದೆ? ಪಂದ್ಯ ಮುಗಿದು ನೀನು ಒಳಗೆ ನಡೆದುಹೋಗುವಾಗ ಎಡಗೈಯಲ್ಲಿ ಬಲಭುಜ ಹಿಡಿದುಕೊಂಡಿದ್ದೆ. ಟಿವಿಯವರು ಅದನ್ನು ತೋರಿಸಿದ್ದು ಎರಡೇ ಕ್ಷಣ, ಆದರೆ ನನ್ನ ಕಣ್ಣು ತಪ್ಪಲಿಲ್ಲ. ಬಿಸಿನೀರಿನ ಶಾಖ ಕೊಟ್ಟುಕೋ. ಡಾಕ್ಟರ ಮುಲಾಮು ನಂಬಬೇಡ.

ಒಡೆಲ್ ಮನೆಗೆ ಬಂದು ಹತ್ತು ದಿನವಾಯಿತು. ಟೊಲೆಡೊ ತಂಡದವರು ಅವನನ್ನು ಕೈಬಿಟ್ಟ ಸುದ್ದಿ ನನಗಿಂತ ಮೊದಲೇ ನಿನಗೆ ಗೊತ್ತಿರುತ್ತದೆ. ಕಾಲೇಜಿನಲ್ಲಿ ನಾಲ್ಕು ವರ್ಷ, ಅಲ್ಲಿ ಎಂಟು ವರ್ಷ, ನೀನು ಎಸೆದ ಚೆಂಡು ಹಿಡಿದವನ ಸಾಮಾನು ಎರಡು ಚೀಲದಲ್ಲಿ ಮುಗಿದುಹೋಯಿತು. ಬಂದವನೇ ಛಾವಣಿ ಹತ್ತಿ ಸೋರುವ ಕಡೆ ತಗಡು ಬಡಿಯುತ್ತಿದ್ದಾನೆ. ಸೋರದ ಕಡೆಗೂ ಬಡಿಯುತ್ತಿದ್ದಾನೆ.

ಹೊಸ ವರ್ಷದ ದಿನ ನಿಮ್ಮ ಫುಟ್‌ಬಾಲ್ ಪಂದ್ಯವನ್ನು ಟಿವಿಯಲ್ಲಿ ನೋಡಲು ನಮ್ಮ ಚರ್ಚಿನ ಮುಕ್ಕಾಲು ಮಂದಿ ನನ್ನ ಹಜಾರದಲ್ಲಿದ್ದರು. ಕೊನೆಯ ನಿಮಿಷ, ಎಲ್ಲರೂ ಎದ್ದು ನಿಂತಿದ್ದೇವೆ. ನೀನು ಅವನಿಗೆ ಕೈಸನ್ನೆ ಮಾಡಿ, ಚೆಂಡನ್ನು ಒಳಗಡೆಗೆ, ಮೈದಾನದ ನಡುವಿಗೆ ಎಸೆದೆ. ನನ್ನ ಮಗ ನೋಡಿದರೆ ನೆಟ್ಟಗೆ ಓಡುತ್ತಲೇ ಇದ್ದಾನೆ, ಬಸ್ಸು ತಪ್ಪಿಸಿಕೊಂಡವನ ಹಾಗೆ! ಚೆಂಡು ಎದುರಾಳಿಯ ಮಡಿಲಿಗೆ ಬಿತ್ತು. ಹಜಾರದಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ. ತಟ್ಟೆ ತೊಳೆಯಲು ಎಂದೂ ಬಾರದವರೆಲ್ಲ ಅವತ್ತು ತಟ್ಟೆ ತೊಳೆಯಲು ಎದ್ದುಹೋದರು.

ಈಗ ಕ್ಷೌರದ ಅಂಗಡಿಗೆ ಹೋದರೆ, "ಏನಪ್ಪಾ ಒಡೆಲ್, ಮನೆ ದಾರಿ ನೆನಪಿತ್ತಾ, ಇಲ್ಲ ಬಸ್‌ಸ್ಟ್ಯಾಂಡಲ್ಲಿ ಯಾರಾದ್ರೂ ಕೈಸನ್ನೆ ಮಾಡಿ ತೋರಿಸಿದ್ರಾ?" ಅನ್ನುತ್ತಾರಂತೆ. ನಾನೂ ಬೈದೆ. ಚಿಕ್ಕಂದಿನಿಂದಲೂ ಇವನು ಹೀಗೇ. ಅಂಗಡಿಯಿಂದ ಉಪ್ಪು ತಾ ಅಂದರೆ ಸೋಪು ತರುವವನು. ಹುಟ್ಟುಗುಣ ಸುಟ್ಟರೂ ಹೋಗದು.

ನೀನು ಮಾತ್ರ ಎಂದಿನಂತೆ ದೊಡ್ಡವನಾಗಿ ನಡೆದುಕೊಂಡೆ. ಪತ್ರಿಕೆಯವರು ಅಷ್ಟು ಕೆದಕಿದರೂ ಅವನ ಹೆಸರು ನಿನ್ನ ಬಾಯಲ್ಲಿ ಬರಲಿಲ್ಲ. ಎಂಟು ವರ್ಷದಲ್ಲಿ ಯಾರು ಚೆಂಡು ಬಿಟ್ಟರೂ, ಯಾರು ಎಡವಿದರೂ, "ತಪ್ಪು ನಂದೇ" ಅಂದವನು ನೀನು. ನನ್ನ ಮಗನ ಪರವಾಗಿಯೇ ಎಷ್ಟು ಸಲ ಅಂದಿದ್ದೀಯೋ! ಆ ಋಣ ತೀರಿಸಲಾಗದಿದ್ದರೂ ಕ್ಷಮೆಯಾದರೂ ಕೇಳಬೇಡವೇ? ಊಟದ ಮೇಜಿನ ಮುಂದೆ ಕೂರಿಸಿ ಪೆನ್ನು ಕೊಟ್ಟೆ. ಒಂದು ಗಂಟೆ ಕೂತು ಐದು ಸಾಲು ಬರೆದ. ಇದರ ಜೊತೆಗಿಟ್ಟಿದ್ದೇನೆ.

ನಿನ್ನನ್ನು ದಿನವೂ ದೇವರಲ್ಲಿ ನೆನೆಯುವ,
ವರ್ನಾ ಪೆಟ್‌ವೇ

*

ಜನವರಿ 22

ಕರ್ಟ್,

ಅಮ್ಮ ಎದುರಿಗೇ ಕೂತಿದ್ದಾಳೆ. ಕೊನೆಯ ಆಟದಲ್ಲಿ ನಾನು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅದರಿಂದ ಪಂದ್ಯ ಹೋಯಿತು. ನಿನಗೂ ತಂಡಕ್ಕೂ ನೋವಾಯಿತು. ಕ್ಷಮಿಸು.

ಒಡೆಲ್

*

ಟೊಲೆಡೊ, ಒಹಾಯೊ
ಫೆಬ್ರವರಿ 9, 1984

ಪ್ರೀತಿಯ ಮಿಸ್ ವರ್ನಾ,

ಭುಜ ಪರವಾಗಿಲ್ಲ. ನೀವು ಹೇಳಿದ ಹಾಗೆ ಶಾಖ ಕೊಡುತ್ತಿದ್ದೇನೆ. ಇಲ್ಲಿ ಹಿಮ ಮಂಡಿಯವರೆಗೆ ಬಿದ್ದಿದೆ, ಹೊರಗೆ ಹೋಗುವ ಹಾಗೆಯೇ ಇಲ್ಲ, ಹಾಗಾಗಿ ಉತ್ತರ ಬರೆಯುವುದು ತಡವಾಯಿತು. ಹಿಮಕ್ಕೂ ಪತ್ರಕ್ಕೂ ಏನು ಸಂಬಂಧ ಅಂತ ನೀವು ಕೇಳುತ್ತೀರಿ. ನನಗೂ ಗೊತ್ತಿಲ್ಲ.

ಒಡೆಲ್ ಕ್ಷಮೆ ಕೇಳುವ ಅಗತ್ಯವೇ ಇರಲಿಲ್ಲ. ಆಟದಲ್ಲಿ ಎಲ್ಲರೂ ಮರೆಯುತ್ತಾರೆ. ದಯವಿಟ್ಟು ಅವನನ್ನು ಬೈಯಬೇಡಿ. ಅಂಥ ಕೈ ಇರುವ ಆಟಗಾರ ಈ ದೇಶದಲ್ಲಿ ಹತ್ತು ಮಂದಿ ಇಲ್ಲ. ಬೇರೆ ಯಾವುದಾದರೂ ತಂಡ ಕರೆದೇ ಕರೆಯುತ್ತದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನಿಮ್ಮ,
ಕರ್ಟ್ ಹಾಲ್ವರ್ಸನ್

*

ಟೊಲೆಡೊ
ಫೆಬ್ರವರಿ 10, 1984

ಒಡೆಲ್,

ನಿನ್ನೆ ನಿಮ್ಮಮ್ಮನಿಗೆ ಪತ್ರ ಹಾಕಿ ಬಂದೆ. "ಎಲ್ಲರೂ ಮರೆಯುತ್ತಾರೆ" ಅಂತ ಬರೆದಿದ್ದೇನೆ. ಯಾರು ಮರೆತದ್ದು ಅಂತ ಬರೆಯಲಿಲ್ಲ. ಅಂಚೆ ಪೆಟ್ಟಿಗೆಯ ಮುಚ್ಚಳ ಬಿದ್ದಮೇಲೆ ಕೈ ಒಳಗೆ ಹಾಕಿ ತೆಗೆಯಲಾಗುತ್ತದೆಯೇ ಅಂತ ಒಂದು ಸಲ ಪ್ರಯತ್ನಪಟ್ಟೆ, ನಗಬೇಡ.

ನೀನು ಯಾಕೆ ಕ್ಷಮೆ ಕೇಳಿ ಬರೆದೆಯೋ? ಅರ್ಧ ಆಟ ಮುಗಿದಾಗ ನಲ್ಲಿಯ ಹತ್ತಿರ ನಿನ್ನನ್ನು ಪಕ್ಕಕ್ಕೆ ಕರೆದವನು ನಾನು. "ಅವನು ನಮ್ಮ ಸನ್ನೆ ಓದಿಬಿಟ್ಟಿದಾನೆ ಕಣೋ, ನಾನು ತಲೆ ಮುಟ್ಟಿದ ತಕ್ಷಣ ಒಳಗಡೆಗೆ ಹಾರ್ತಾನೆ" ಅಂದೆ. "ಇನ್ಮೇಲೆ ಉಲ್ಟಾ. ತಲೆ ಮುಟ್ಟಿದ್ರೆ ನೆಟ್ಟಗೆ ದೂರ ಓಡು, ತೊಡೆ ತಟ್ಟಿದ್ರೆ ಒಳಗೆ ತಿರುಗು." ನೀನು ಅದನ್ನು ಎರಡು ಸಲ ಹೇಳಿ ಒಪ್ಪಿಸಿದೆ. ನಾನೊಂದು ಸಲವೂ ಒಪ್ಪಿಸಲಿಲ್ಲ. ಕೊನೆಯ ನಿಮಿಷದಲ್ಲಿ ಎದುರು ಸಾಲು ನೋಡಿದೆ, ತಲೆ ಮುಟ್ಟಿದೆ. ಹನ್ನೆರಡು ವರ್ಷದ ಅಭ್ಯಾಸದಂತೆ ಒಳಗಡೆಗೆ ಎಸೆದೆ. ನೀನು ನಾನು ಹೇಳಿಕೊಟ್ಟ ಹಾಗೆ ನೆಟ್ಟಗೆ ಓಡುತ್ತಿದ್ದೆ. ನಿನ್ನ ಸುತ್ತ ಇಪ್ಪತ್ತು ಗಜ ಯಾರೂ ಇರಲಿಲ್ಲ. ಅತ್ತ ಎಸೆದಿದ್ದರೆ ಗೆದ್ದಿದ್ದೆವು.

ಪಂದ್ಯದ ಎರಡನೇ ಕಾಲುಭಾಗದಲ್ಲಿ ನನ್ನ ತಲೆಗೆ ಪೆಟ್ಟು ಬಿದ್ದದ್ದು ನೀನು ನೋಡಿದ್ದೀಯ. ಆಮೇಲೆ ನನಗೆ ದೀಪಗಳೆಲ್ಲ ಜೋಡಿಯಾಗಿ ಕಾಣುತ್ತಿದ್ದವು. ಯಾರಿಗೂ ಹೇಳಲಿಲ್ಲ. ನನ್ನ ಸನ್ನೆ ನಾನೇ ಮರೆತೆ ಅಂದರೆ ತಲೆ ಕೆಟ್ಟಿದೆ ಅಂತ ಬೆಂಚಿನ ಮೇಲೆ ಕೂರಿಸುತ್ತಾರೆ, ನನ್ನ ಜಾಗಕ್ಕೆ ಕಾದಿರುವ ಆ ಹೊಸಬನನ್ನು ಇಳಿಸುತ್ತಾರೆ ಅಂತ ಹೆದರಿಕೆಯಾಯಿತು. ಇದು ಕಾರಣ, ಅಷ್ಟೇ.

ಡೆನ್ವರ್ ತಂಡದಲ್ಲಿ ನನಗೆ ಪರಿಚಯದವರಿದ್ದಾರೆ. ನಿನ್ನ ಬಗ್ಗೆ ಮಾತಾಡಲೇ?

ಕರ್ಟ್

*

ಲೊವೆಲ್‌ಟನ್
ಫೆಬ್ರವರಿ 27, 1984

ಕರ್ಟ್,

ಡೆನ್ವರ್ ಬೇಡ.

ಯಾಕೆ ಬರೆದೆ ಅಂತ ಕೇಳಿದ್ದೀಯ. ಅಮ್ಮ ಬರೆ ಅಂದಳು, ಬರೆದೆ. "ನನ್ನ ತಪ್ಪಲ್ಲಮ್ಮ" ಅಂದಿದ್ದರೆ ಅವಳು ಏನನ್ನುತ್ತಿದ್ದಳು ಗೊತ್ತೇ? "ಅವನು ಮಾತೆತ್ತಿದ್ರೆ ತಪ್ಪು ನಂದೇ ಅಂತಾನೆ, ನೀನು ಇನ್ನೊಬ್ಬರ ಮೇಲೆ ಹಾಕ್ತೀಯಾ?" ಅನ್ನುತ್ತಿದ್ದಳು. ನೀನು ತಪ್ಪು ಒಪ್ಪಿಕೊಂಡರೆ ದೊಡ್ಡತನ. ನಾನು ನನ್ನದಲ್ಲ ಅಂದರೆ ಸೊಕ್ಕು. ನೀನು ಬಿಳಿಯ, ನಾನು ಕರಿಯ. ಇದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ.

ಇನ್ನೊಂದು. ಚೆಂಡು ಹಿಡಿಯುವವನು ಎಸೆಯುವವನನ್ನು, ಕ್ವಾರ್ಟರ್‌ಬ್ಯಾಕನ್ನು, ಹೊರಗಿನವರ ಮುಂದೆ ಬಿಟ್ಟುಕೊಡಬಾರದು. ನಮ್ಮಿಬ್ಬರಿಗೂ ಒಬ್ಬನೇ ಕೋಚು ಒಂದೇ ಬಯಲಲ್ಲಿ ಅದನ್ನು ಕಲಿಸಿದ್ದ. ನಾನು ಅದನ್ನು ಪಾಲಿಸಿದೆ. ನೀನೇ ಹೇಳುತ್ತೀಯ ಅಂತ ಕಾದೆ. ಅವತ್ತು ಬಟ್ಟೆ ಬದಲಿಸುವ ಕೋಣೆಯಲ್ಲಿ ಕಾದೆ. ಸೋಮವಾರ ಕಾದೆ. ಮುಂದಿನ ಸೋಮವಾರ ಅವರು ನನ್ನನ್ನು ಕರೆದು ಚೀಲ ಕಟ್ಟು ಅಂದರು. ಚೀಲ ಹೊತ್ತು ಹೊರಬಾಗಿಲಿಗೆ ಬಂದೆ. ನಿನ್ನ ಕಾರು ನಿಂತಿತ್ತು, ನೀನು ಎಲ್ಲೂ ಕಾಣಲಿಲ್ಲ.

ಪತ್ರಿಕೆಯವರು ಕೇಳಿದಾಗ ನೀನು ನನ್ನ ಹೆಸರು ಹೇಳಲಿಲ್ಲ, ನಿಜ. ನನ್ನ ಕಡೆ ನೋಡಿದೆ. ಅಷ್ಟು ಪೆನ್ನುಗಳೂ ಒಟ್ಟಿಗೆ ನನ್ನ ಕಡೆ ತಿರುಗಿದವು. ಹೆಸರು ಹೇಳಿದ್ದರೇ ವಾಸಿಯಿತ್ತು.

ಈಗ ನಿನ್ನ ಮನಸ್ಸು ಹಗುರ ಮಾಡಿಕೊಳ್ಳಲು ನನಗೆ ಬರೆಯಬೇಡ. ಅದು ನನ್ನ ಕೆಲಸವಲ್ಲ.

ಒಡೆಲ್

*

ಲೊವೆಲ್‌ಟನ್
ಏಪ್ರಿಲ್ 15, 1984

ಮಗೂ ಕರ್ಟ್,

ನಿನ್ನಿಂದ ಒಂದು ಉಪಕಾರವಾಗಬೇಕು. ಕೇಳಲು ನಾಚಿಕೆಯಾಗುತ್ತಿದೆ, ಆದರೂ ಕೇಳುತ್ತಿದ್ದೇನೆ. ಮಕ್ಕಳಿಗಾಗಿ ತಾಯಂದಿರು ಎಷ್ಟೋ ಕಡೆ ನಾಚಿಕೆ ಬಿಟ್ಟಿದ್ದಾರೆ.

ನಮ್ಮೂರಿನ ಹೈಸ್ಕೂಲಿಗೆ ಫುಟ್‌ಬಾಲ್ ಕೋಚು ಬೇಕಾಗಿದ್ದಾರೆ. ನಾನು ಇಪ್ಪತ್ತಾರು ವರ್ಷ ಅಡಿಗೆ ಮಾಡಿದ ಶಾಲೆಯೇ. ಒಡೆಲ್ ಅರ್ಜಿ ಹಾಕಿದ್ದಾನೆ. ಜನವರಿಯಿಂದ ಇದೇ ಮೊದಲ ಸಲ ಅವನು ಬೆಳಿಗ್ಗೆ ಗಡ್ಡ ಬೋಳಿಸಿಕೊಂಡದ್ದು. ಆ ಕೆಲಸ ಸಿಕ್ಕರೆ ಈ ಊರಲ್ಲಿ ತಲೆ ಎತ್ತಿ ನಡೆಯುತ್ತಾನೆ. ಸಿಗದಿದ್ದರೆ ಕಾಗದದ ಮಿಲ್ಲು, ರಾತ್ರಿಪಾಳಿ, ಆಮೇಲೆ ಅವನ ಅಪ್ಪನ ಹಾಗೆ ಬಾಟಲಿ. ನಾನು ಒಬ್ಬನನ್ನು ನೋಡಿದ್ದು ಸಾಕು.

ಶಾಲೆಯ ಮಂಡಳಿಯಲ್ಲಿ ಏಳು ಮಂದಿ. ಅಧ್ಯಕ್ಷರು ಮಿಸ್ಟರ್ ಕ್ರೆನ್‌ಶಾ, ಟ್ರ್ಯಾಕ್ಟರ್ ಮಾರುವವರು. "ವರ್ನಾ, ನಿನ್ನ ಮಗ ಒಳ್ಳೆಯವನೇ. ಆದ್ರೆ ಇಡೀ ದೇಶ ನೋಡ್ತಿರೋವಾಗ ಆಟ ಮರೆತವನು ನಮ್ ಮಕ್ಕಳಿಗೆ ಏನ್ ಕಲಿಸ್ತಾನೆ ಹೇಳು?" ಅಂದರು.

ಅದಕ್ಕೇ ಕೇಳುತ್ತಿದ್ದೇನೆ. ನೀನು ಆ ಮಂಡಳಿಗೆ ಎರಡು ಸಾಲು ಬರೆಯಬೇಕು, ಆವತ್ತಿನ ತಪ್ಪು ನಿನ್ನದೇ ಅಂತ. ಸುಳ್ಳು ಅಂತ ನನಗೂ ಗೊತ್ತು. ಎಷ್ಟೋ ಜನರಿಗಾಗಿ ಹೇಳಿದ್ದೀಯ. ಇದೊಂದು ಸಲ ನನಗಾಗಿ ಹೇಳು. ಪಾಪವಿದ್ದರೆ ನನ್ನ ತಲೆಗಿರಲಿ.

ಒಡೆಲ್‌ಗೆ ಹೇಳಿಲ್ಲ, ಹೇಳಬೇಡ.

ವರ್ನಾ

*

ಟೊಲೆಡೊ
ಏಪ್ರಿಲ್ 24, 1984

ಪ್ರೀತಿಯ ಮಿಸ್ ವರ್ನಾ,

ನೀವು ಹೇಳಿದಂತೆ ಮಂಡಳಿಗೆ ಬರೆದಿದ್ದೇನೆ. ತಂಡದ ಮುದ್ರೆಯಿರುವ ಕಾಗದದಲ್ಲೇ ಬರೆದೆ. "ಜನವರಿ ಒಂದರ ಪಂದ್ಯದ ಕೊನೆಯ ಆಟದಲ್ಲಿ ತಪ್ಪಿದ್ದು ನಾನು, ಒಡೆಲ್ ಪೆಟ್‌ವೇ ಅಲ್ಲ. ಅವನಿಗಿಂತ ಒಳ್ಳೆಯ ಕೋಚು ನಿಮಗೆ ಸಿಗಲಾರ" ಅಂತ. ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ.

ಪಾಪ ನಿಮ್ಮ ತಲೆಗೆ ಬರುವುದಿಲ್ಲ. ಆ ವಿಷಯದಲ್ಲಿ ನೀವು ನಿಶ್ಚಿಂತೆಯಾಗಿರಿ. ಇದಕ್ಕಿಂತ ಹೆಚ್ಚು ಬರೆಯಬೇಕಿತ್ತು, ಬರೆಯಲಾಗುತ್ತಿಲ್ಲ.

ಕರ್ಟ್

*

ಲೊವೆಲ್‌ಟನ್
ಮೇ 13, 1984

ಮಗೂ,

ಇವತ್ತು ತಾಯಂದಿರ ದಿನ. ಚರ್ಚಿನಲ್ಲಿ ನಮ್ಮ ಪಾದ್ರಿಗಳು ನಿನ್ನ ಹೆಸರು ಹಿಡಿದು ಉಪದೇಶ ಮಾಡಿದರು! ನೀನು ಮಂಡಳಿಗೆ ಬರೆದ ಪತ್ರ ಊರಿನ ಪತ್ರಿಕೆಯಲ್ಲಿ ಮೊದಲ ಪುಟದಲ್ಲೇ ಬಂತು. "ಗೆಳೆಯನಿಗಾಗಿ ಹೆಗಲು ಕೊಟ್ಟ ಕ್ವಾರ್ಟರ್‌ಬ್ಯಾಕ್" ಅಂತ ತಲೆಬರಹ, ನಿನ್ನ ನಗುವ ಫೋಟೋ. ಕತ್ತರಿಸಿ ಕಳಿಸಿದ್ದೇನೆ. "ಪರರ ಭಾರ ಹೊರುವವನು ಇಂಥವನೇ" ಅಂದರು ಪಾದ್ರಿಗಳು. ಹೆಂಗಸರೆಲ್ಲ ನನ್ನ ಕೈ ಕುಲುಕಿ, "ನಿಮ್ಮ ಮನೇಲಿ ಉಂಡ ಹುಡುಗ ಅಲ್ವಾ?" ಅಂದರು. ಹೌದು, ಕಾಲೇಜಿನ ದಿನಗಳಲ್ಲಿ ನಾಲ್ಕು ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ ನನ್ನ ಮೇಜಿನಲ್ಲೇ ಉಂಡ, ಗೆಣಸಿನ ಪೈ ಮೂರು ತುಂಡು ತಿನ್ನುತ್ತಿದ್ದ ಅಂತ ನಾನೂ ಜಂಬ ಕೊಚ್ಚಿಕೊಂಡೆ.

ಆದರೆ ಕೆಲಸದ ಮಾತು ಮುಂದಕ್ಕೆ ಹೋಯಿತು. ಕ್ರೆನ್‌ಶಾ ಪತ್ರ ಓದಿ, "ಎಂಥಾ ಸಂಭಾವಿತ ನೋಡಿ! ಎದುರಾಳಿ ಚೆಂಡು ಕದ್ದರೂ ತಪ್ಪು ನಂದೇ ಅನ್ನೋ ಮನುಷ್ಯ" ಅಂದು ಮಡಿಸಿ ಜೇಬಿಗಿಟ್ಟುಕೊಂಡರಂತೆ. ಒಬ್ಬರೂ ಅದನ್ನು ನಿಜವೆಂದು ತೆಗೆದುಕೊಳ್ಳಲಿಲ್ಲ. ನಿನ್ನ ಒಳ್ಳೆಯತನವೇ ನಮಗೆ ಮುಳುವಾಯಿತು, ಮಗೂ. ಜೂನ್ ಹದಿನೆಂಟಕ್ಕೆ ಕೊನೆಯ ಸಭೆ.

ಒಡೆಲ್ ಪತ್ರಿಕೆ ನೋಡಿದ. ನಾನು ನಿನಗೆ ಬರೆದು ಕೇಳಿದ್ದನ್ನು ಆಗ ಹೇಳಲೇಬೇಕಾಯಿತು. ಅವನು ನಕ್ಕ. ಆ ಥರ ನಗು ನನಗೆ ಇಷ್ಟವಾಗಲಿಲ್ಲ. ತಟ್ಟೆ ಸರಿಸಿ ಎದ್ದುಹೋದವನು ಮೂರು ದಿನದಿಂದ ನನ್ನ ಜೊತೆ ಕೂತು ಉಂಡಿಲ್ಲ. "ಅವನು ನಿನಗೋಸ್ಕರ ಸುಳ್ಳು ಹೇಳಿದಾನೆ, ಕೃತಜ್ಞತೆ ಬೇಡ್ವೇನೋ?" ಅಂತ ಬಾಗಿಲಾಚೆಗೆ ಕೂಗಿದೆ.

ನಿನ್ನ ತಾಯಿ ಇದ್ದಿದ್ದರೆ ಇವತ್ತು ಹೆಮ್ಮೆಪಡುತ್ತಿದ್ದಳು.

ವರ್ನಾ

*

ಟೊಲೆಡೊ
ಮೇ 20, 1984

ಮಿಸ್ ವರ್ನಾ,

ಈ ಪತ್ರವನ್ನು ಕೂತುಕೊಂಡು ಓದಿ. ಒಡೆಲ್ ಮನೆಯಲ್ಲಿದ್ದರೆ ಮೊದಲು ಅವನನ್ನು ಕರೆಯಿರಿ.

ನೀವು ನನ್ನನ್ನು ಸುಳ್ಳು ಹೇಳು ಅಂದಿರಿ. ನಾನು ಹೇಳಿದ್ದು ನಿಜ. ಅದನ್ನು ಸುಳ್ಳೆಂದು ನೀವೆಲ್ಲ ತಿಳಿದುಕೊಳ್ಳುತ್ತೀರಿ ಎಂದು ಗೊತ್ತಿದ್ದೇ ಹೇಳಿದೆ. ನಿಜ ಹೇಳಿದ ಹಾಗೂ ಆಯಿತು, ದೊಡ್ಡವನಾಗಿ ಉಳಿದ ಹಾಗೂ ಆಯಿತು. ಇದಕ್ಕಿಂತ ನೀಚತನ ನನಗೆ ಗೊತ್ತಿಲ್ಲ. ಆ ಪತ್ರಿಕೆಯ ತುಂಡಿನಲ್ಲಿ ನಗುತ್ತಿರುವ ಮುಖವನ್ನು ಮಗುಚಿಟ್ಟು ಇದನ್ನು ಬರೆಯುತ್ತಿದ್ದೇನೆ.

ಆದದ್ದು ಇಷ್ಟು. ಆ ಪಂದ್ಯದ ನಡುವೆ ನಮ್ಮಿಬ್ಬರ ಕೈಸನ್ನೆಗಳನ್ನು ಅದಲುಬದಲು ಮಾಡಿದವನು ನಾನೇ. ತಲೆ ಮುಟ್ಟಿದರೆ ಒಳಗೆ ತಿರುಗು ಅಂತ ಇದ್ದದ್ದನ್ನು, ನೆಟ್ಟಗೆ ದೂರ ಓಡು ಅಂತ ಮಾಡಿದೆ. ನಮ್ಮಿಬ್ಬರ ಹೊರತು ಯಾರಿಗೂ ತಿಳಿಸಲಿಲ್ಲ. ಕೊನೆಯ ಆಟದಲ್ಲಿ ನಾನೇ ಅದನ್ನು ಮರೆತೆ. ತಲೆ ಮುಟ್ಟಿ, ಒಳಗಡೆಗೆ ಎಸೆದೆ. ಒಡೆಲ್ ಮರೆತಿರಲಿಲ್ಲ. ನಿಮ್ಮ ಹಜಾರದಲ್ಲಿ ಎಲ್ಲರೂ ನೋಡಿದ ಆ ಓಟ, ಬಸ್ಸು ತಪ್ಪಿಸಿಕೊಂಡವನ ಹಾಗೆ ಅಂದಿರಲ್ಲ, ಅವತ್ತು ಮೈದಾನದಲ್ಲಿ ಸರಿಯಾಗಿದ್ದದ್ದು ಅದೊಂದೇ.

ತಲೆಗೆ ಪೆಟ್ಟು ಬಿದ್ದಿತ್ತು ಅಂತ ಒಡೆಲ್‌ಗೆ ಬರೆದಿದ್ದೆ. ನಿಮಗೆ ಆ ನೆಪ ಹೇಳುವುದಿಲ್ಲ. ಯಾಕೆಂದರೆ ಚೆಂಡು ಕೈಬಿಟ್ಟ ಮರುಕ್ಷಣವೇ ನನಗೆ ಎಲ್ಲವೂ ನೆನಪಾಗಿತ್ತು. ಪತ್ರಿಕೆಯವರು ಬಂದಾಗ ಪೂರ್ತಿ ನೆನಪಿತ್ತು. ಒಬ್ಬ, "ಕರ್ಟ್, ಈ ಸಲವೂ ತಪ್ಪು ನಿಮ್ಮದೇನಾ?" ಅಂತ ಕೇಳಿದ, ಎಲ್ಲರೂ ನಕ್ಕರು. ಬಾಯಿಗೆ ಬಂದದ್ದು ಅದೇ ಮಾತು, ನೂರು ಸಲ ಹೇಳಿದ ಮಾತು. ಅದು ನಿಜವಾದ ದಿನ ನುಂಗಿಕೊಂಡೆ. "ಹೋಗ್ಲಿ ಬಿಡಿ, ನಾವಿಬ್ಬರೂ ಬೇರೆ ಬೇರೆ ಆಟ ಆಡ್ತಿದ್ವಿ ಅನ್ಸುತ್ತೆ" ಅಂದೆ. ಒಡೆಲ್ ಕಡೆ ನೋಡಿದೆ.

ಇನ್ನೊಂದಿದೆ, ಇದು ಒಡೆಲ್‌ಗೂ ಗೊತ್ತಿಲ್ಲ. ಪಂದ್ಯದ ಮರುದಿನ, ಸೋಮವಾರ, ಮುಖ್ಯ ಕೋಚು ನನ್ನನ್ನೊಬ್ಬನನ್ನೇ ಕರೆದು ಬಾಗಿಲು ಹಾಕಿದರು. "ಪತ್ರಿಕೆಯವರ ಮಾತು ಬಿಡು. ನನಗೆ ಹೇಳು, ಯಾರ ತಪ್ಪು? ಅವನನ್ನ ಇಟ್ಕೋಬೇಕಾ ಬೇಡ್ವಾ ನಿರ್ಧಾರ ಮಾಡ್ಬೇಕು" ಅಂದರು. ಅಲ್ಲಿ ಕ್ಯಾಮೆರಾ ಇರಲಿಲ್ಲ, ಪೆನ್ನು ಇರಲಿಲ್ಲ. ಒಂದು ಮಾತು ಸಾಕಿತ್ತು. "ಪಂದ್ಯದ ಫಿಲ್ಮ್ ನೀವೇ ನೋಡಿದ್ರಲ್ಲ ಸರ್" ಅಂದೆ. ಫಿಲ್ಮಿನಲ್ಲಿ ಏನು ಕಾಣುತ್ತದೆ ಅಂತ ನನಗೆ ಗೊತ್ತಿತ್ತು.

ನಿಮ್ಮ ಮಗನನ್ನು ಮನೆಗೆ ಕಳಿಸಿದವರು ಟೊಲೆಡೊ ತಂಡದವರಲ್ಲ. ನಾನು.

ಕ್ಷಮೆ ಕೇಳುವ ಯೋಗ್ಯತೆ ಇಲ್ಲ. ನಾನು ಏನು ಮಾಡಬೇಕೋ ಹೇಳಿ, ಮಾಡುತ್ತೇನೆ.

ಕರ್ಟ್ ಹಾಲ್ವರ್ಸನ್

*

ಲೊವೆಲ್‌ಟನ್
ಜೂನ್ 3, 1984

ಕರ್ಟ್ ಹಾಲ್ವರ್ಸನ್,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಮೊದಲ ಸಲ ಓದಿದಾಗ ಇದೂ ನಿನ್ನ ದೊಡ್ಡತನವೇ ಅಂದುಕೊಂಡೆ. ನೋಡು, ನೀನು ನಮ್ಮನ್ನು ಹೇಗೆ ಪಳಗಿಸಿಬಿಟ್ಟಿದ್ದೀಯ! ಎರಡನೇ ಸಲ ಓದುವಾಗ ಆ ಸೋಮವಾರದ ಮಾತಿಗೆ ಬಂದೆ. ಅದನ್ನು ಯಾರೂ ಇನ್ನೊಬ್ಬರ ಒಳ್ಳೆಯದಕ್ಕಾಗಿ ಕಟ್ಟಿ ಹೇಳಲಾರರು. ಆಗ ಏಪ್ರನ್ ಕಳಚಿಟ್ಟು ಹಿತ್ತಿಲಿಗೆ ಹೋದೆ.

ಒಡೆಲ್ ಕೋಳಿಗೂಡಿಗೆ ಬಲೆ ಹಾಕುತ್ತಿದ್ದ. "ಯಾಕೋ ಹೇಳಲಿಲ್ಲ ನನಗೆ?" ಅಂದೆ. ಮೊಳೆ ಬಾಯಲ್ಲಿ ಕಚ್ಚಿಕೊಂಡೇ, "ನೀನು ಕೇಳಲಿಲ್ಲಮ್ಮ. ಬೈದೆ" ಅಂದ.

ನಿನ್ನ ಮೇಲೆ ಸಿಟ್ಟು ಬರುವುದಕ್ಕಿಂತ ಮೊದಲು ನನ್ನ ಮೇಲೆಯೇ ನನಗೆ ಅಸಹ್ಯವಾಯಿತು. ಹೆತ್ತ ಮಗನನ್ನು ಒಂದು ಮಾತು ಕೇಳದೆ ಟಿವಿಯನ್ನು ನಂಬಿದೆ, ನಿನ್ನನ್ನು ನಂಬಿದೆ. ತಪ್ಪಿಲ್ಲದವನನ್ನು ಮೇಜಿನ ಮುಂದೆ ಕೂರಿಸಿ ತಪ್ಪು ಬರೆಸಿದೆ, ಶಾಲೆಯಲ್ಲಿ ಹುಡುಗರಿಗೆ ಬರೆಸುವಂತೆ. ಆ ಕಾಗದ ನಿನ್ನ ಕೈಗೆ ಬಂತು. ನೀನು ಅದನ್ನು ಓದಿ, "ಎಲ್ಲರೂ ಮರೆಯುತ್ತಾರೆ" ಅಂತ ನನಗೆ ಸಮಾಧಾನ ಬರೆದೆ. ಅದನ್ನು ಹೇಗೆ ಬರೆದೆಯೋ ನಿನಗೂ ದೇವರಿಗೂ ಗೊತ್ತು.

ಏನು ಮಾಡಬೇಕು ಹೇಳಿ ಅಂತೀಯ. ಅದನ್ನೂ ನಾನೇ ಹೇಳಬೇಕೇ? ಹದಿನೆಂಟಕ್ಕೆ ಸಭೆ, ಸಂಜೆ ಐದಕ್ಕೆ, ಶಾಲೆಯ ಗ್ರಂಥಾಲಯದಲ್ಲಿ. ಬರುವುದಾದರೆ ಬಾ, ಬಿಡುವುದಾದರೆ ಬಿಡು. ನೀನು ತಪ್ಪು ನಂದೇ ಅಂದರೆ ಯಾರೂ ನಂಬದ ಹಾಗೆ ಈ ದೇಶಕ್ಕೆ ಕಲಿಸಿದವನು ನೀನು. ನಂಬಿಸುವ ದಾರಿಯನ್ನೂ ನೀನೇ ಹುಡುಕಿಕೋ.

ಬಂದರೆ ನನ್ನ ಮನೆಗೆ ಬರಬೇಡ.

ವರ್ನಾ ಪೆಟ್‌ವೇ

*

ಲೊವೆಲ್‌ಟನ್
ಜೂನ್ 21, 1984

ಕರ್ಟ್,

ಸೋಮವಾರ ನೀನು ಮಂಡಳಿಯ ಸಭೆಯಿಂದ ಬಾಗಿಲು ದಾಟಿ ಹೋದಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ತಿಳಿಯಬೇಕಾದದ್ದು ನ್ಯಾಯ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಚೆನ್ನಾಗಿಯೇ ಹೇಳಿದೆ. ಸನ್ನೆಯ ವಿಷಯ, ಕೋಚಿನ ಕೋಣೆಯ ವಿಷಯ, ಎಲ್ಲ. ಕತ್ತಿನವರೆಗೂ ಕೆಂಪಾಗಿ ನಿಂತಿದ್ದೆ. ಆ ಏಳು ಮಂದಿಯ ಮುಖ ನಾನು ನೋಡುತ್ತಿದ್ದೆ. ನೀನು ಹೇಳಿಕೊಂಡಷ್ಟೂ ಅವರ ಕಣ್ಣಲ್ಲಿ ನೀನು ಬೆಳೆಯುತ್ತಿದ್ದೆ. ಒಹಾಯೊದಿಂದ ಇಷ್ಟು ದೂರ ಬಂದಿದ್ದಾನೆ, ಗೆಳೆಯನಿಗಾಗಿ ತನ್ನ ಮೇಲೆ ಎಂಥೆಂಥ ಕತೆ ಕಟ್ಟಿಕೊಳ್ಳುತ್ತಿದ್ದಾನೆ ನೋಡಿ, ಅಂತ. ಕೊನೆಗೆ ಚಪ್ಪಾಳೆ ತಟ್ಟಿದರು. ಕ್ರೆನ್‌ಶಾ ಚೀಲದಿಂದ ಹೊಸ ಚೆಂಡು ತೆಗೆದು, "ನಮ್ ಶಾಲೆಗೆ ಅಂತ ಒಂದು ಸಹಿ ಹಾಕ್ಬಿಡಿ" ಅಂತ ಪೆನ್ನು ಕೊಟ್ಟರು. ನೀನು ಹಾಕಿದೆ. ವಿಮಾನಕ್ಕೆ ಹೊತ್ತಾಯಿತು ಅಂತ ತಲೆ ತಗ್ಗಿಸಿ ಹೊರಟೆ.

ನೀನು ಹೋದಮೇಲೆ ಕ್ರೆನ್‌ಶಾ, "ಇಂಥ ಗೆಳೆಯ ಸಿಕ್ಕಿದ್ದು ನಿನ್ನ ಪುಣ್ಯ ಒಡೆಲ್. ಆದ್ರೆ ನಾವು ಮಕ್ಕಳ ಭವಿಷ್ಯ ನೋಡ್ಬೇಕಲ್ಲಪ್ಪ" ಅಂತ ಮತಕ್ಕೆ ಹಾಕಲು ಹೊರಟರು. ಆಗ ಹಿಂದಿನ ಸಾಲಿನಿಂದ ಅಮ್ಮ ಎದ್ದಳು. ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡಿದ್ದಳು.

"ಸ್ವಾಮೀ, ಆ ಹುಡುಗ ಸಂಭಾವಿತ ಅಲ್ಲ," ಅಂದಳು. "ಅವನು ಸುಳ್ಳ. ಹೇಡಿ. ಐದು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದ. ನನ್ನ ಮಗ ಕೆಲಸ ಕಳಕೊಂಡಿದ್ದು ಅವನ ಬಾಯಿಂದ. ಈಗ ಅವನು ಹೇಳಿದ್ದು ಒಳ್ಳೆತನ ಅಲ್ಲ, ತಪ್ಪೊಪ್ಪಿಗೆ. ಬಿಳೀ ಹುಡುಗ ಬಂದು ನಾನು ಕೆಟ್ಟವನು ಅಂತ ಕೂಗಿ ಹೇಳಿದ್ರೂ ನಿಮಗೆ ಕೇಳಿಸಲ್ಲ ಅಲ್ವಾ?"

ಯಾರೋ "ವರ್ನಾ, ಕೂತ್ಕೋ" ಅಂದರು. ಅವಳು ಕೂರಲಿಲ್ಲ.

"ಇಪ್ಪತ್ತಾರು ವರ್ಷ ಈ ಶಾಲೇಲಿ ನಿಮ್ಮ ಮಕ್ಕಳಿಗೆ ಬಡಿಸಿದೀನಿ. ಮಿಸ್ಟರ್ ಕ್ರೆನ್‌ಶಾ, ನಿಮ್ಮ ಮೂವರಿಗೂ ಬಡಿಸಿದೀನಿ. ಹಳಸಿದ್ದನ್ನ ಒಂದು ದಿನ ಒಳ್ಳೇದು ಅಂತ ಹೇಳಿ ಕೊಟ್ಟಿದೀನಾ? ಹೇಳಿ. ಆ ಹುಡುಗನೂ ನನ್ನ ಕೈಯಲ್ಲೇ ಉಂಡವನು. ನಾನು ಅವನ ಮೇಲೆ ಪ್ರಾಣ ಇಟ್ಟಿದ್ದೆ. ಅವನನ್ನ ನಂಬಿ ನನ್ನ ಮಗನ್ನ ನಂಬಲಿಲ್ಲ, ಅವನ ಕೈಲಿ ಸುಳ್ಳು ಕ್ಷಮೆ ಬರೆಸಿದೆ. ಆ ನಾಚಿಕೆ ನನ್ನದು, ನಾನೇ ಇಟ್ಕೋತೀನಿ. ನಿಮ್ಮದು ನೀವು ನೋಡ್ಕೊಳಿ."

ಮತ ಹಾಕಿದರು. ನಾಲ್ಕು ಮೂರು. ಕೆಲಸ ನನಗಾಯಿತು. ಕ್ರೆನ್‌ಶಾ ನಾಲ್ವರಲ್ಲಿ ಒಬ್ಬರಲ್ಲ.

ಅಮ್ಮ ನಿನ್ನನ್ನು ಸುಳ್ಳ ಅಂದಾಗ ನನಗೆ ಖುಷಿಯಾಗಬೇಕಿತ್ತು, ಎಷ್ಟು ದಿನದಿಂದ ಕಾದಿದ್ದೆ. ಆಗಲಿಲ್ಲ. ಕುರ್ಚಿಯೊಳಗೆ ಕುಗ್ಗಿಹೋದೆ. ಮನೆಗೆ ಬಂದೆವು. ಅಡಿಗೆಮನೆಯಲ್ಲಿ ಟೋಪಿ ತೆಗೆಯುತ್ತಾ, "ಮಗ ಅಂದೋನನ್ನ ಊರವರ ಮುಂದೆ ಹರಾಜು ಹಾಕಿಬಂದೆ ಕಣೋ" ಅಂದಳು. ಯಾವ ಮಗ ಅಂತ ಕೇಳಲು ನನಗೆ ಧೈರ್ಯವಾಗಲಿಲ್ಲ. ನಿನಗೆ ಅವಳು ಬರೆಯುವುದಿಲ್ಲ. ಬರೆ ಅಂತ ನಾನೂ ಹೇಳುವುದಿಲ್ಲ. ಒಮ್ಮೆ ಮೇಜಿನ ಮುಂದೆ ಕೂರಿಸಿ ಬರೆಸಿದ್ದು ಸಾಕು.

ಆಗಸ್ಟ್ ಒಂದರಿಂದ ಅಭ್ಯಾಸ ಶುರು. ನಿನ್ನನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೇ ಗೊತ್ತಿಲ್ಲ, ಕೇಳಬೇಡ. ನೀನು ಬಂದೆ, ನಿಂತು ಹೇಳಿದೆ, ಅದನ್ನು ಲೆಕ್ಕಕ್ಕಿಟ್ಟಿದ್ದೇನೆ. ಆದರೆ ಕ್ರೆನ್‌ಶಾ ನಿನ್ನೆ ಶಾಲೆಯ ಮುಂಬಾಗಿಲಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಆ ಚೆಂಡನ್ನು ಒಳಗಿಟ್ಟಿದ್ದಾರೆ. ಕೆಳಗೆ ಹಿತ್ತಾಳೆ ಫಲಕ: "ತಪ್ಪು ನನ್ನದೇ ಎಂದ ಮಹಾನುಭಾವ." ಇನ್ನು ನಾನು ಕೆಲಸಕ್ಕೆ ಹೋಗುವಾಗ ದಿನವೂ ಅದರ ಮುಂದೆಯೇ ಹಾದುಹೋಗಬೇಕು.

ಅಷ್ಟೆಲ್ಲ ಹೇಳಿದಮೇಲೆ ನೀನು ಆ ಸಹಿ ಹಾಕಬಾರದಿತ್ತು ಕಣೋ.

ಒಡೆಲ್